ಗಾಳಿ ಹಿಡಿಯುವಾಕಿ

ಮೊನ್ನೆ ನಿಮ್ಮೊಳಗಿನ ಚಿಕ್ಕವಳು ನನ್ನ ಅಂಗೈ ಹಿಡಿದುಕೊಂಡು ಭವಿಷ್ಯ ಹೇಳುತ್ತೇನೆಂದು ಕೂತಿದ್ದಳು. ಎಡಗೈಯ ನಡುವೆ ಅಡ್ಡ ಹೋಗಿರುವ ದಪ್ಪ ಗೆರೆ ನೋಡಿ, "ಅಜ್ಜಿ, ನಿಂಗ ಎರಡು ಆಯುಷ್ಯದ ಗೆರಿ ಅವ" ಅಂದಳು. ಅದು ಆಯುಷ್ಯದ ಗೆರೆಯಲ್ಲ, ಹಗ್ಗದ ಗೆರೆ. ಆಗಲೇ ಹೇಳಬೇಕಿತ್ತು. ಆದರೆ ನೀವೆಲ್ಲ ಸುತ್ತ ಕೂತಿದ್ದಿರಿ, ನಾಲ್ಕು ಮಂದಿ ನೋಡುತ್ತಿದ್ದರೆ ನನಗೆ ಬಾಯಿ ಕಟ್ಟುತ್ತದೆ. ಮೊದಲಿನಿಂದಲೂ ಹಾಗೇ. ಬರೆಯುವುದಾದರೆ ಬರೆಯುತ್ತೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ನಾನು ಹುಟ್ಟಿದ್ದು ಆಳಂದದ ಕಡೆ, ನರೋಣಾದಲ್ಲಿ. ಅಲ್ಲಿ ಬಾವಿಯ ತಳದಲ್ಲಿ ಬಗ್ಗಿ ನೋಡಿದರೆ ಕಾಣುವುದನ್ನೇ ನೀರು ಅನ್ನುತ್ತಿದ್ದೆವು. ಸರಕಾರಿ ಶಾಲೆಯಲ್ಲಿ ಉರ್ದು ಇತ್ತು. ಊರ ಮಠದ ಅಯ್ಯನೋರು ಐದಾರು ಹುಡುಗರನ್ನು ಕೂರಿಸಿಕೊಂಡು ಕನ್ನಡ ಕಲಿಸುತ್ತಿದ್ದರು. ನಮ್ಮಪ್ಪ ಮಠದ ಹೊಲದಲ್ಲಿ ದುಡಿಯುತ್ತಿದ್ದುದರಿಂದ ನನಗೂ ಮೂಲೆಯಲ್ಲಿ ಜಾಗ ಸಿಕ್ಕಿತು. ಮೂರು ವರ್ಷ ಕಲಿತೆ. ಕರ್ತೃ, ಕರ್ಮ, ಕ್ರಿಯಾಪದದ ತನಕ ಬಂದಿತ್ತು, ಅಷ್ಟರಲ್ಲಿ ಮದುವೆ ಮಾಡಿದರು.

ಕೊಟ್ಟದ್ದು ಅಫಜಲಪುರದ ಕಡೆಗೆ, ಭೀಮಾ ಹೊಳೆಯ ದಂಡೆಯ ಊರಿಗೆ. ಅಲ್ಲಿ ಹೊಳೆಯ ಈ ದಂಡೆ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಆ ದಂಡೆ ಇಂಗ್ರೇಜಿ. ನಡುವೆ ಗಡ್ಡಿಗಳು. ಗಡ್ಡಿ ಅಂದರೆ ನೀರಿನ ನಡುವೆ ಎದ್ದಿರುವ ಉಸುಕಿನ ದಿಬ್ಬ. ಮಳೆಗಾಲದಲ್ಲಿ ಮುಳುಗುತ್ತಿದ್ದವು, ದೀಪಾವಳಿಯ ಹೊತ್ತಿಗೆ ಮೇಲೆ ಬರುತ್ತಿದ್ದವು. ಹೋದ ವರ್ಷ ಉದ್ದಕ್ಕಿದ್ದದ್ದು ಈ ವರ್ಷ ಗುಂಡಗಿರುತ್ತಿತ್ತು. ಆ ಉಸುಕಿನಲ್ಲಿ ಮೊಳದಾಳ ಗುಣಿ ತೋಡಿ, ಕುರಿಯ ಹಿಕ್ಕಿ ಹಾಕಿ, ಸೌತಿ, ಕಲ್ಲಂಗಡಿ, ಖರಬೂಜದ ಬೀಜ ಊರುವುದು ನಿಮ್ಮ ಅಜ್ಜನ ಮನೆತನದ ಕೆಲಸ. ನಮ್ಮವು ಮೂರು ಗಡ್ಡಿ. ಊರ ಎದುರಿನದು ಹಿರಿ ಗಡ್ಡಿ. ಅದರ ಕೆಳಗೆ ಜಾಲಿ ಗಡ್ಡಿ. ಎಲ್ಲಕ್ಕಿಂತ ಕೆಳಗೆ, ಜೇವರ್ಗಿಯ ಕಡೆ ಹೊಳೆ ದಾಟುವ ಕಟ್ಟೆಯ ಹತ್ತಿರ, ಕಲ್ಲು ಗಡ್ಡಿ. ಹೊಳೆಯ ಗುಂಟ ಇಳಿದು ಅಲ್ಲಿಗೆ ಹೋಗಲು ಎರಡು ದಿನ, ಏರಿ ಬರಲು ಮೂರು ದಿನ, ಕೆಲವು ಸಲ ನಾಲ್ಕು.

ನಿಮ್ಮ ಅಜ್ಜ ಮದುವೆಗೆ ಮೊದಲು ಮುಂಬಯಿಗೆ ಹೋಗಿ, ಕೊಂಕಣದ ಹಾಯಿದೋಣಿಗಳಲ್ಲಿ ದುಡಿದು ಬಂದವರು. ಸಮುದ್ರದ ನಡುವೆ ತೆಂಗಿನಮರ ತುಂಬಿದ ಗಡ್ಡಿಗಳಿವೆ, ಅವು ಮುಳುಗುವುದೇ ಇಲ್ಲ, ಮಂದಿ ಅಲ್ಲೇ ಹುಟ್ಟಿ ಅಲ್ಲೇ ಮುದುಕರಾಗುತ್ತಾರೆ ಅನ್ನುತ್ತಿದ್ದರು. ಊರಲ್ಲಿ ಉಳಿದವರು ಹೊಳೆಗೆ ಎದುರಾಗಿ ಬರುವಾಗ ಬಿದಿರ ಗಳ ಊರಿ ದೋಣಿ ನೂಕುತ್ತಿದ್ದರು. ನಿಮ್ಮ ಅಜ್ಜ ನಮ್ಮ ಸಣ್ಣ ದೋಣಿಯ ನಡುವೆ ಒಂದು ಬಿದಿರು ನಿಲ್ಲಿಸಿ, ಹಳೆಯ ಧೋತರಗಳನ್ನು ಕೂಡಿಸಿ ಹೊಲಿದು ಹಾಯಿ ಕಟ್ಟಿದರು. ಅವರು ಅದಕ್ಕೆ ಶೀಡ ಅನ್ನುತ್ತಿದ್ದರು, ಕೊಂಕಣದವರ ಮಾತು. ದೋಣಿಗೆ ನಾವ ಅನ್ನುವ ಊರವರು ನಗುತ್ತಿದ್ದರು. "ಮಂದಿ ಹೆಂಡ್ರಿಗಿ ಸೀರಿ ಉಡಸ್ತಾರ, ಇಂವ ನಾವಿಗಿ ಧೋತ್ರ ಉಡಸ್ಯಾನ ನೋಡ್ರಿ" ಅಂತ. ಆದರೆ ಚಳಿಗಾಲದಲ್ಲಿ ಮುಂಜಾನೆ ಏಳುವ ಮೂಡಗಾಳಿ ಸಂಜೆಯ ತನಕ ದೋಣಿಯನ್ನು ಹೊಳೆಗೆ ಎದುರಾಗಿ ತಳ್ಳುತ್ತಿತ್ತು. ಹೊತ್ತು ಮುಳುಗುವಾಗ ನಿಲ್ಲುತ್ತಿತ್ತು. ಅದನ್ನು ನೋಡಿದ ಮೇಲೆ ನಗು ಕಡಿಮೆಯಾಯಿತು.

ಹಾಯಿಗೆ ಇಬ್ಬರು ಬೇಕು. ಒಬ್ಬರು ಹಿಂದೆ ಕೂತು ದೋಣಿ ತಿರುಗಿಸಬೇಕು. ಇನ್ನೊಬ್ಬರು ಹಾಯಿಯ ಹಗ್ಗ ಹಿಡಿದು, ಗಾಳಿ ಹೆಚ್ಚಾದರೆ ಸಡಿಲ ಬಿಟ್ಟು, ಕಡಿಮೆಯಾದರೆ ಜಗ್ಗಿಕೊಳ್ಳಬೇಕು. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ "ಗಾಳಿ ಹಿಡಿಯೋದು" ಅನ್ನುತ್ತಿದ್ದರು. ನನ್ನ ಮೈದುನ ಗಾಳಿ ಹಿಡಿಯುತ್ತಿದ್ದ. ನಾನು ದೋಣಿಯಲ್ಲಿ ಬರೀ ಬುತ್ತಿಗಂಟಿನ ಹಾಗೆ ಕೂತು ಹೋಗಿ ಬರುತ್ತಿದ್ದೆ.

ನಮ್ಮ ಮೊದಲ ಕೂಸಿನ ಸಂಗತಿ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಹೆಣ್ಣು ಕೂಸು. ಕಾರ್ತೀಕದಲ್ಲಿ ಮೂರು ದಿನ ವಾಂತಿ ಭೇದಿಯಾಗಿ ಹೋಯಿತು. ಒಂಬತ್ತು ತಿಂಗಳಾಗಿತ್ತು, ತೊಡೆಯ ಮೇಲೆ ನಿಲ್ಲುತ್ತಿತ್ತು. ಹಿರಿ ಗಡ್ಡಿಗೆ ಎದುರಾದ ದಂಡೆಯಲ್ಲಿ, ಮಳೆಗಾಲದ ನೀರು ಮುಟ್ಟದಷ್ಟು ಮೇಲೆ, ಮಣ್ಣು ಮಾಡಿದರು. ನನಗೆ ಹಾಲು ಕಟ್ಟಿಕೊಂಡಿತ್ತು. ನನ್ನ ಅತ್ತೆ ಎದೆಗೆ ಬಟ್ಟೆ ಬಿಗಿದು ಕಟ್ಟಿದರು. ಎಲ್ಲ ಗೊತ್ತಾಗುತ್ತಿತ್ತು, ಇವರು ಅತ್ತೆ, ಇದು ಬಟ್ಟೆ, ಇದು ಎದೆ ಅಂತ. ಆದರೆ ಎದೆ ನನ್ನದು ಅನ್ನುವುದು ಗೊತ್ತಾಗುತ್ತಿರಲಿಲ್ಲ. ಅಳು ಬರಲಿಲ್ಲ. ಓಣಿಯ ಹೆಂಗಸರು ಸುತ್ತ ಕೂತು ಹಾಡಿಕೊಂಡು ಅತ್ತರು, ನಾನೂ ಅಳುತ್ತೇನೇನೋ ಎಂದು ನನ್ನ ಮುಖ ನೋಡಿದರು. ನಾನು ಅವರಿಗೆ ನೀರು ಕೊಡಲು ಎದ್ದೆ.

ಹೋದ ಕೂಸಿನ ಬಟ್ಟೆಬರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಹೊಳೆಗೆ ಬಿಡಬೇಕು. ಐದನೆಯ ದಿನ ಅತ್ತೆ ಒಂದು ಗಂಟು ಕಟ್ಟಿಕೊಟ್ಟು, "ಹೋಗ್ ಬೇ, ಬಿಟ್ಟು ಬಾ. ಹೊಳ್ಳಿ ನೋಡಬ್ಯಾಡ" ಅಂದರು. ಗಂಟಿನಲ್ಲಿ ಒಂದು ಕುಲಾವಿ, ಎರಡು ಅಂಗಿ, ತೊಟ್ಟಿಲ ಕೌದಿ ಇದ್ದವು. ಕೌದಿ ಅತ್ತೆಯೇ ಹೊಲಿದದ್ದು. ಅವರು ಗಂಡನನ್ನು ಕಳಕೊಂಡ ಮೇಲೆ ಉಡಲಾಗದೆ ಪೆಟ್ಟಿಗೆಯಲ್ಲಿಟ್ಟಿದ್ದ ಮದುವೆಯ ಹಸಿರು ಸೀರೆಯನ್ನು ಮೊಮ್ಮಗಳಿಗೆಂದು ಹರಿದು ಮಾಡಿದ್ದರು. ಹಸಿರು ತುಂಡಿನ ಸುತ್ತ ಕೆಂಪು ದಡಿ. ನಾನು ಕುಲಾವಿ ಬಿಟ್ಟೆ. ಅಂಗಿಗಳನ್ನು ಬಿಟ್ಟೆ. ಕೌದಿ ಬಿಡಲಿಲ್ಲ. ಯಾಕೆ ಅಂತ ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ. ದಂಡೆಗೆ ಕಟ್ಟಿದ್ದ ನಮ್ಮ ದೋಣಿಯ ಮುಂಬದಿಯ ಹಲಗೆಯ ಕೆಳಗೆ ಅದನ್ನು ತುರುಕಿ ಮನೆಗೆ ಬಂದೆ. ಅತ್ತೆ "ಬಿಟ್ಟೇನು?" ಅಂದರು. ತಲೆ ಆಡಿಸಿದೆ.

ಅದೇ ತಿಂಗಳು ಮೈದುನ ಶಹಾಬಾದದ ಕಡೆ ಕಲ್ಲಿನ ಕೆಲಸಕ್ಕೆ ಹೋದ. ಗಡ್ಡಿಗಳು ಎದ್ದಿದ್ದವು, ಬೀಜ ಊರಬೇಕಿತ್ತು. ನಿಮ್ಮ ಅಜ್ಜ ಒಂದು ಮುಂಜಾನೆ ಬಾಗಿಲಲ್ಲಿ ನಿಂತು, "ಗಾಳಿ ಹಿಡ್ಯಾಕ ಬರ್ತೀಯೇನು?" ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ನಡೆದೆ.

ಜಾಲಿ ಗಡ್ಡಿಯಿಂದ ಏರಿ ಬರುವಾಗ ಮೊದಲ ಸಲ ಹಗ್ಗ ನನ್ನ ಕೈಗೆ ಬಂತು. ಒಮ್ಮೆಲೇ ಗಾಳಿ ಜೋರಾಗಿ ಹೊಡೆಯಿತು. ಬಿಡಬೇಕೆಂದು ಗೊತ್ತಾಗದೆ ಗಟ್ಟಿಯಾಗಿ ಹಿಡಿದೆ. ಹಗ್ಗ ಅಂಗೈಯೊಳಗೆ ಜಾರಿ ಚರ್ಮ ಸುಲಿಯಿತು. "ಬಿಡು! ಬಿಡ್ ಬೇ!" ಅಂತ ನಿಮ್ಮ ಅಜ್ಜ ಕೂಗುತ್ತಿದ್ದರು. ನಾನು ಕೈ ನೋಡುತ್ತಿದ್ದೆ. ರಕ್ತ ಬರುತ್ತಿತ್ತು. ಉರಿಯುತ್ತಿತ್ತು. ಅಷ್ಟು ದಿನಗಳಲ್ಲಿ ಮೊದಲ ಸಲ ಕೈ ನನ್ನದು ಅನ್ನಿಸಿತು.

ಅದಾದ ಮೇಲೆ ನನಗೆ ಬೇಕಾಗಿದ್ದುದು ಅದೊಂದೇ, ಆ ಹಗ್ಗ. ಅದನ್ನು ಜಗ್ಗಿದರೆ ಆ ಕಡೆಯಿಂದ ಯಾರೋ ಜಗ್ಗುತ್ತಿದ್ದರು. ಸಂಜೆ ಗಾಳಿ ಬಿದ್ದಾಗ ಕೈ ಖಾಲಿಯಾಗುತ್ತಿತ್ತು, ಮತ್ತೆ ಮೊದಲಿನ ಹಾಗೆ. ಇದು ಸುಖ ಅಂತ ತಿಳಿಯಬೇಡಿ. ನೀರಿನ ಮೇಲೆ ಸೂರ್ಯ, ಉಸುಕಿನ ಮೇಲೆ ಬಿಳಿ ಕೊಕ್ಕರೆಗಳು, ಬಿಸಿಲಿಗೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲ ಕಾಣುತ್ತಿದ್ದವು. ಕಾಣುತ್ತಿದ್ದವು ಅಷ್ಟೇ. ಗುಣಿಗೆ ನೀರು ಹಾಕಿದೆ, ಬಳ್ಳಿ ಬಂತು, ಹೂ ಬಂತು. ನಾನು ರೊಟ್ಟಿ ಬಡಿದೆ. ನಿಮ್ಮ ಅಜ್ಜ ಮುಂಬಯಿಯ ಕತೆಗಳನ್ನು ಹೇಳುತ್ತಿದ್ದವರು ಒಂದೊಂದಾಗಿ ಬಿಟ್ಟರು. ಕೊನೆಗೆ ನಮ್ಮಿಬ್ಬರ ನಡುವೆ ಒಂದೇ ಮಾತು ಉಳಿಯಿತು. ಮುಂಜಾನೆ ಅವರು ದೋಣಿಯ ಹಿಂಬದಿಯಲ್ಲಿ ಕೂತು, "ಯಾವ ಗಾಳಿ?" ಅಂತ ಕೇಳುತ್ತಿದ್ದರು. ನಾನು ಸೆರಗನ್ನು ಒಂದು ಕಿವಿಯಿಂದ ಹಿಂದೆ ಸರಿಸಿ, ಯಾವ ಕಡೆ ತಣ್ಣಗಾಗುತ್ತದೆ ಅಂತ ನೋಡಿ ಹೇಳುತ್ತಿದ್ದೆ. "ಮೂಡಗಾಳಿ." ಇಲ್ಲವೇ "ಗಾಳಿ ಇಲ್ರಿ." ಬೇರೆ ಯಾರ ಮುಂದೆಯೂ, ಅತ್ತೆಯ ಮುಂದೆ ಕೂಡ, ಅಷ್ಟೂ ಬಾಯಿ ಬಿಡುತ್ತಿರಲಿಲ್ಲ.

ಪುಷ್ಯದಲ್ಲಿ ಜಾಲಿ ಗಡ್ಡಿಯ ಮುಳ್ಳುಕಂಟಿಗೆ ಸಿಕ್ಕಿ ಹಾಯಿ ಹರಿಯಿತು. ಅದು ಯುದ್ಧದ ಕಾಲ, ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. ನಿಮ್ಮ ಅಜ್ಜ ತಮ್ಮ ಮೈಮೇಲಿನ ಧೋತರ ನೋಡಿಕೊಂಡರು, ಅದೂ ಹಾಯಿಯಷ್ಟೇ ಹರಿದಿತ್ತು. ನಾನು ಹಲಗೆಯ ಕೆಳಗೆ ಕೈ ಹಾಕಿ ಕೌದಿ ತೆಗೆದೆ. ಬಲೆ ನೇಯುವ ದಾರದಿಂದ ಹರಿದ ಜಾಗಕ್ಕೆ ಹಚ್ಚಿ ಹೊಲಿದೆ. ಅವರು ಹಸಿರು ತುಂಡನ್ನು ನೋಡಿದರು. ಆಮೇಲೆ, "ಗಟ್ಟಿ ಆಗ್ತದೇನು?" ಅಂದರು.

"ಆಗ್ತದ್ರಿ" ಅಂದೆ.

ಹಾಯಿ ಏರಿಸಿದೆವು.

ಅದೇ ಸಲ ಎಳೆ ಸೌತಿಕಾಯಿ ತುಂಬಿಕೊಂಡು ಜೇವರ್ಗಿ ಕಡೆಯ ಕಟ್ಟೆಗೆ ಇಳಿದಿದ್ದೆವು. ಅಲ್ಲಿ ನಮ್ಮ ಕಾಯಿ ಕೊಳ್ಳುತ್ತಿದ್ದವರು ಒಬ್ಬ ಮುದುಕ ಬಾಗವಾನರು, ಹಣ್ಣಿನ ವ್ಯಾಪಾರದವರು. ಎಲ್ಲರೂ ಅವರಿಗೆ ಚಾಚಾ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಾನು ಸೆರಗು ಹೊದ್ದು ದೋಣಿಯಲ್ಲಿ ಕೂತಿದ್ದೆ.

"ಯಾಕಲೇ, ನಿನ್ನ ಬೀಬಿಗಿ ಬಾಯಿ ಇಲ್ಲೇನು?" ಅಂದರು ಚಾಚಾ. "ಹ್ವಾದ ವರ್ಷ ನಕ್ಕೊಂತ ಸೌತಿಕಾಯಿ ಎಣಸ್ತಿದ್ಲು. ಈಗ ನೋಡಿದ್ರ ಸಲಾಮಿಗೂ ಮಾತಿಲ್ಲ."

ನಿಮ್ಮ ಅಜ್ಜನಿಗೆ ಕೂಸಿನ ಮಾತು ತಾವಾಗಿ ಎತ್ತುವುದು ಬೇಡವಾಗಿತ್ತು ಅಂತ ಕಾಣುತ್ತದೆ. ಹಗುರ ಮಾಡಲು ಹೋದರು. "ಬಾಯಿ ನಂದೇ ಸಾಕ್ರಿ ಚಾಚಾ. ನಾ ನಾವ ತಿರುಗಸ್ತೇನಿ, ಆಕಿ ಗಾಳಿ ಹಿಡೀತಾಳ."

"ಗಾಳಿ?" ಚಾಚಾನ ಕೈ ಸೌತಿಕಾಯಿಯ ಮೇಲೇ ನಿಂತಿತು. "ಎಂದಿನಿಂದೋ?"

"ಕೂಸು ಹೋದಾಗಿಂದ್ರಿ."

"ದಿನಾ?"

"ದಿನಾ. ಮುಂಜಾನಿ ಹಿಡದ್ಲಂದ್ರ ಸಂಜೀತನಕ ಬಿಡಂಗಿಲ್ಲ."

"ತೋಬಾ ತೋಬಾ. ಅದರ ಮ್ಯಾಲ ನೀ ಹಲ್ಲು ಕಿಸೀತೀ!"

"ಮತ್ತೇನ್ ಮಾಡ್ಲಿ ಚಾಚಾ, ನನ್ನ ತಮ್ಮಗಿಂತ ಆಕೀನ ಛಂದ ಹಿಡೀತಾಳ."

ಚಾಚಾ ನನ್ನ ಕಡೆ ನೋಡಿ ನೆಲ ನೋಡಿದರು. ನಾವು ಹೊರಡುವಾಗ ಒಂದು ಹೆಂಟೆ ಬೆಲ್ಲ ತಂದು ದೋಣಿಯ ಅಂಚಿನಲ್ಲಿಟ್ಟು, ಏನೋ ಓದಿ ಗಾಳಿಯಲ್ಲಿ ಊದಿದರು. ಬೆಲ್ಲ ಯಾಕೆ ಅಂತ ನಾನು ಯೋಚಿಸಲಿಲ್ಲ. ಆಗ ನಾನು ಏನನ್ನೂ ಯೋಚಿಸುತ್ತಿರಲಿಲ್ಲ.

ನಮ್ಮ ಕಡೆ ಗಾಳಿ ಅಂದರೆ ಬೀಸುವ ಗಾಳಿಯೂ ಹೌದು, ಮೈಮೇಲೆ ಬರುವ ದೆವ್ವವೂ ಹೌದು. ಚಾಚಾ ಎರಡನೆಯದನ್ನೇ ತಿಳಿದು ಮರುಕಪಟ್ಟು, ಅಫಜಲಪುರದ ಕಡೆ ಹೊರಟಿದ್ದ ಬಂಡಿಯವರ ಕೈಲಿ ನಮ್ಮತ್ತೆಗೆ ಸುದ್ದಿ ಕಳಿಸಿದರು. ನಾವು ಗಾಳಿಯ ಜೊತೆ ಗಡ್ಡಿಯಿಂದ ಗಡ್ಡಿಗೆ ನಿಧಾನವಾಗಿ ಏರಿ ಬರುತ್ತಿದ್ದೆವು, ಸುದ್ದಿ ಬಂಡಿಯಲ್ಲಿ ಮುಂದೆ ಹೋಯಿತು. ಹೋಗುವಾಗ ದಾರಿಯಲ್ಲಿ ಮಾತು ತಿರುಗಿತ್ತು. ಚಾಚಾ ಕೇಳಿದ್ದು "ಆಕಿ ಗಾಳಿ ಹಿಡೀತಾಳ" ಅಂತ. ಅತ್ತೆಯ ಬಾಗಿಲಿಗೆ ಬಂದದ್ದು "ಆಕಿಗಿ ಗಾಳಿ ಹಿಡದದ" ಅಂತ. ಅಯ್ಯನೋರಾಗಿದ್ದರೆ ಕರ್ತೃ ಕರ್ಮವಾಯಿತು, ಕರ್ಮ ಕರ್ತೃವಾಯಿತು ಅನ್ನುತ್ತಿದ್ದರು.

ನಾಲ್ಕನೆಯ ದಿನ ಇಳಿಹೊತ್ತಿಗೆ ನಮ್ಮ ಊರ ಕಟ್ಟೆಗೆ ಬಂದು ಮುಟ್ಟಿದೆವು. ದಂಡೆಯ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಒಬ್ಬ ಮುದುಕಿ. ಗಾಳಿ ಬಿಡಿಸುವಾಕೆ, ಸುತ್ತ ಹತ್ತೂರಿಗೆ ಗೊತ್ತಿದ್ದವಳು. ಎಲ್ಲರೂ ಆಕೆಗೆ ಆಯಿ ಅನ್ನುತ್ತಿದ್ದರು. ಲಿಂಬಿಹಣ್ಣು, ಬೇವಿನ ಸೊಪ್ಪು, ಹೊಗೆಯಾಡುವ ಲೋಬಾನದ ಚಿಪ್ಪು ಮುಂದಿದ್ದವು. ಓಣಿಯ ಏಳೆಂಟು ಹೆಂಗಸರು ಹಿಂದೆ ನಿಂತಿದ್ದರು. ನಿಮ್ಮ ಅಜ್ಜ ಹಾಯಿ ಇಳಿಸಿ, ಸುತ್ತಿಟ್ಟು, ನೀರಿಗೆ ಹಾರಿದರು.

"ಯವ್ವಾ, ಇಲ್ಯಾಕ ಕುಂತೀ?"

"ನಿನ್ನ ಹೇಂತಿಗಿ ಗಾಳಿ ಹಿಡದದಂತ. ಮುಂಜಾನಿ ಹಿಡದ್ರ ಸಂಜೀತನಕ ಬಿಡಂಗಿಲ್ಲಂತ. ನೀನೇ ಚಾಚಾನ ಮುಂದ ಹೇಳೀಯಂತಲ್ಲೋ! ಹೆತ್ತವ್ವನ ಮುಂದ ಹೇಳಾಕ ಏನ್ ಆಗಿತ್ತು?"

ನಿಮ್ಮ ಅಜ್ಜನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ನಕ್ಕುಬಿಟ್ಟರು. ಎಲ್ಲ ಕೆಟ್ಟದ್ದು ಆ ನಗುವಿನಿಂದ.

"ನಗ್ತಾನ ನೋಡ್ರಿ ಭಾಡ್ಯಾ!" ಅಂದರು ಅತ್ತೆ. "ಇವನಿಗೂ ಬಡದದ."

"ಶೀಡದ ಗಾಳಿ ಯವ್ವಾ, ಶೀಡದ್ದು! ಹಗ್ಗ ಹಿಡದು ಕೂಡತಾಳ, ಅದಕ್ಕಂದೆ."

"ಹೌದಾ? ಹಂಗಾದ್ರ ಮಾತಾಡ್ಸು ನೋಡೂಣು. ಕೂಸು ಹೋಗಿ ಎರಡು ತಿಂಗಳ ಮ್ಯಾಲಾತು. ನನ್ನ ಮುಂದ ಒಂದು ಮಾತು ಆಡಿಲ್ಲ. ಒಂದು ಹನಿ ಕಣ್ಣೀರ ಹಾಕಿಲ್ಲ. ಅವ್ವಾದಾಕಿ ಹಂಗ ಇರ್ತಾಳೇನೋ?"

ನಿಮ್ಮ ಅಜ್ಜ ನನ್ನ ಕಡೆ ನೋಡಿದರು. ಏನಾದರೂ ಅನ್ನಲಿ ಅಂತ. ಹೆಂಗಸರೆಲ್ಲ ನೋಡುತ್ತಿದ್ದರು. ನನ್ನ ನಾಲಿಗೆ ಏಳಲಿಲ್ಲ.

ಅತ್ತೆ ತೀರ್ಮಾನಿಸಿಯೇ ಬಂದಿದ್ದರು. ಆಯಿ ಇಲ್ಲೇ ಒಮ್ಮೆ ಗಾಳಿಯನ್ನು ಮಾತಾಡಿಸಿ ನೋಡುವುದು. ಬಿಟ್ಟು ಹೋಗುತ್ತೇನೆಂದರೆ ಸರಿ. ಇಲ್ಲದಿದ್ದರೆ ನನ್ನನ್ನು ಗಾಳಿ ಬಿಡಿಸಿಕೊಳ್ಳಲು ಮಂದಿ ಹೋಗುವ ಮೇಲಿನ ಸಂಗಮಕ್ಕೆ ಕರೆದುಕೊಂಡು ಹೋಗಿ ಒಂದು ಮಂಡಲ ಇರಿಸುವುದು, ನಲವತ್ತೆಂಟು ದಿನ. "ನಾನೂ ಆಕೀ ಸಂಗಟ ಅಲ್ಲೇ ಇರ್ತೇನಿ, ಒಬ್ಬಾಕಿನ್ನ ಬಿಡಂಗಿಲ್ಲ" ಅಂದರು. ಅತ್ತೆ ಕೆಟ್ಟವರಲ್ಲ, ಇದನ್ನು ನೀವು ಮರೆಯಬಾರದು. ಹೆಂಗಸರಲ್ಲಿ ಒಬ್ಬಳು, "ನಾವಿಗಿ ತಮ್ಮನ್ನ ಹೊಳ್ಳಿ ಕರಸ್ಕೋ" ಅಂದಳು. ಇನ್ನೊಬ್ಬಳು, "ವರ್ಷದಾಗ ಸುದ್ದ ಆಗ್ಲಿಲ್ಲಂದ್ರ ಬ್ಯಾರೆ ಹೆಣ್ಣು ನೋಡಿದ್ರಾತು" ಅಂದಳು. ಬೇರೆ ಹೆಣ್ಣಿನ ಮಾತು ಕೇಳಿಸಿತು, ಅದು ನನ್ನನ್ನು ಮುಟ್ಟಲಿಲ್ಲ. ನಲವತ್ತೆಂಟು ದಿನ ಹಗ್ಗ ಬೇರೆಯವರ ಕೈಯಲ್ಲಿರುತ್ತದೆ, ಅಷ್ಟರಲ್ಲಿ ಮೂಡಗಾಳಿಯ ದಿನಗಳು ಮುಗಿಯುತ್ತವೆ. ಅದು ಮುಟ್ಟಿತು.

ನನ್ನನ್ನು ಉಸುಕಿನ ಮೇಲೆ ಕೂರಿಸಿದರು. ಆಯಿ ಲೋಬಾನದ ಹೊಗೆಯನ್ನು ಮುಖಕ್ಕೆ ಹಿಡಿದು, ಬೇವಿನ ಸೊಪ್ಪಿನಿಂದ ನೆತ್ತಿಗೆ ತಟ್ಟಿ, ಗಟ್ಟಿಯಾಗಿ ಕೇಳಿದಳು. "ಯಾವ ಗಾಳಿ?"

ನೀವು ನಂಬುತ್ತೀರೋ ಇಲ್ಲವೋ. ಎರಡು ತಿಂಗಳಿಂದ ದಿನಾ ಮುಂಜಾನೆ ಕೇಳಿಸಿಕೊಳ್ಳುತ್ತಿದ್ದ ಮಾತು ಅದೊಂದೇ. ಕೈ ತಾನಾಗಿ ಎದ್ದು ಸೆರಗನ್ನು ಕಿವಿಯಿಂದ ಸರಿಸಿತು. ಬಾಯಿ ತಾನಾಗಿ, "ಮೂಡಗಾಳಿ" ಅಂದಿತು.

ಹೆಂಗಸರು "ಯವ್ವಾ!" ಅಂತ ಎರಡು ಹೆಜ್ಜೆ ಹಿಂದೆ ಸರಿದರು.

"ಮಾತಾಡ್ತು ನೋಡ್ರಿ" ಅಂದಳು ಆಯಿ. ಅವಳ ದನಿ ಈಗ ಸಣ್ಣಗಾಗಿತ್ತು. "ಮೂಡಣ ದಿಕ್ಕಿನಿಂದ ಬಂದೀಯಾ? ಎಂದ ಬಂದೀ?"

"ಮುಂಜಾನಿ."

ಇಲ್ಲಿಯ ತನಕ ನಾನು ಬೀಸುವ ಗಾಳಿಯ ಮಾತನ್ನೇ ಆಡುತ್ತಿದ್ದೆ, ದೇವರಾಣೆ. ಆಮೇಲೆ ಆಯಿ, "ಎಂದ ಬಿಟ್ಟು ಹೋಗ್ತೀ?" ಅಂದಳು. ಆಗ ನನಗೆ ತಿಳಿಯಿತು. ಅವಳು ಯಾವ ಗಾಳಿಯನ್ನು ಕೇಳುತ್ತಿದ್ದಾಳೆ, ನಾನು ಯಾವುದನ್ನು ಹೇಳುತ್ತಿದ್ದೇನೆ, ಎರಡೂ ತಿಳಿಯಿತು. ಸೂರ್ಯನ ಕಡೆ ನೋಡಿದೆ. ಇನ್ನೂ ಎರಡು ಮಾರು ಮೇಲಿದ್ದ.

"ಹೊತ್ತು ಮುಳುಗೂದ್ರಾಗ" ಅಂದೆ. ಇದನ್ನು ತಿಳಿದೇ ಅಂದೆ.

"ಖರೇನು?"

"ಖರೆ."

"ಏನ್ ಕೊಟ್ರ ಹೋಗ್ತೀ? ಏನ್ ಬೇಕು ನಿನಗ? ಸೀರಿ? ಬಳಿ? ಕೋಳಿ?"

ಏನು ಬೇಕು ಅಂತ ನನ್ನನ್ನು ಆ ತನಕ ಯಾರೂ ಕೇಳಿರಲಿಲ್ಲ. ಅವಳೂ ಕೇಳಿದ್ದು ನನ್ನನ್ನಲ್ಲ. ಆದರೂ ಹೇಳಿದೆ. "ಹಗ್ಗ."

ಅತ್ತೆ ಎದೆ ಬಡಿದುಕೊಂಡರು. "ಹಗ್ಗ ಬೇಡಾಕತ್ತದಲ್ಲಾ! ಉರ್ಲು ಹಾಕ್ಕೊಂಡಾಕಿ ಯಾರೋ ಬಂದಾಳ್ರಿ ಆಯಿ! ಕೊಡಬ್ಯಾಡ್ರಿ!"

"ಯವ್ವಾ, ಅದು ಶೀಡದ ಹಗ್ಗ" ಅಂದರು ನಿಮ್ಮ ಅಜ್ಜ. ಈಗ ಅವರು ನಗುತ್ತಿರಲಿಲ್ಲ. "ಆಯಿ, ಆಕಿ ಕೇಳಿದ್ದು ಕೊಡ್ರಿ. ನಾವ ಕಟ್ಟೇ ಇರ್ಲಿ, ನಾ ಮುಂದ ನಿಂದರ್ತೇನಿ. ಹೊತ್ತು ಮುಳುಗೂತನಕ ಹಿಡಕೊಂಡು ಕೂಡ್ಲಿ."

ಆಯಿ ಯೋಚಿಸಿದಳು. "ಬೇಡಿದ್ದು ಕೊಡಬೇಕು. ಕೊಟ್ಟ ಮ್ಯಾಲೂ ಹೋಗಲಿಲ್ಲಂದ್ರ ನಾಳಿಗೇ ಸಂಗಮಕ್ಕ" ಅಂದಳು.

ನನ್ನನ್ನು ದೋಣಿಯಲ್ಲಿ ಕೂರಿಸಿದರು. ದೋಣಿಯ ಎರಡೂ ತುದಿಗಳನ್ನು ದಂಡೆಯ ಗೂಟಗಳಿಗೆ ಬಿಗಿದು ಕಟ್ಟಿ, ನಿಮ್ಮ ಅಜ್ಜ ಹಾಯಿ ಏರಿಸಿ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಹಾಯಿ ಬಿಚ್ಚಿಕೊಂಡು ಗಾಳಿ ತುಂಬಿತು. ಕೈಯನ್ನು ಜಗ್ಗಿತು. ದಂಡೆಯಲ್ಲಿ ಎಲ್ಲರೂ ಕೂತರು. ಹಾಯಿಯ ನಡುವೆ, ಇಳಿಬಿಸಿಲು ಹಿಂದಿನಿಂದ ಬಿದ್ದು, ಅತ್ತೆಯ ಮದುವೆಯ ಸೀರೆಯ ಹಸಿರು ತುಂಡು, ಅದರ ಕೆಂಪು ದಡಿ, ಅವರದೇ ಕೈಯ ಹೊಲಿಗೆ ಎದ್ದು ಕಾಣುತ್ತಿದ್ದವು.

ಅದನ್ನು ನಾನು ಮರೆತಿದ್ದೆ. ಅತ್ತೆ ಹಾಯಿಯನ್ನು ನೋಡಿದಾಗ ನೆನಪಾಯಿತು.

ಅವರ ಬಾಯಿ ಸ್ವಲ್ಪ ತೆರೆಯಿತು. ಏಳಲು ಹೋದವರು ಮತ್ತೆ ಕೂತರು. ಆಯಿಗೆ ಇದೇನೂ ಗೊತ್ತಿಲ್ಲ. ಅವಳು ತನ್ನ ಲೆಕ್ಕದಲ್ಲಿದ್ದಳು. "ಒಂದು ಮಾತು ಕೇಳೂದು ಮರತಿದ್ದೆ ನೋಡವ್ವಾ" ಅಂದಳು ಅತ್ತೆಗೆ. "ಸತ್ತ ಕೂಸಿಂದು ಏನಾರ ಇಟ್ಕೊಂಡೀರೇನು? ಅರಿವಿ, ಕುಲಾವಿ, ಕೌದಿ? ಇಟ್ಕೊಂಡಿದ್ರ ಸುಟ್ಟು ಹಾಕಬೇಕು. ಅದು ಇರೂತನಕ ಇದು ಎಷ್ಟು ಹೋಗ್ತೇನಂದ್ರೂ ಹೋಗಂಗಿಲ್ಲ. ಮಂಡಲ ಹಿಡೀಲೇಬೇಕು."

ಅತ್ತೆ ಹಾಯಿ ನೋಡಿದರು. ನನ್ನನ್ನು ನೋಡಿದರು. ನಾನು ಮುಖ ಕೆಳಗೆ ಮಾಡಲಿಲ್ಲ. ಧೈರ್ಯದಿಂದಲ್ಲ. ಕತ್ತು ಬಗ್ಗಿಸುವುದು ತೋಚಲಿಲ್ಲ.

"ಇಲ್ರಿ ಆಯಿ" ಅಂದರು. "ಎಲ್ಲಾ ಹೊಳೀಗಿ ಬಿಟ್ಟಾತು. ನಾನೇ ನನ್ನ ಕೈಯಾರ ಬಿಟ್ಟೇನಿ."

"ಕೌದಿ?"

"ಕೌದೀನೂ ಬಿಟ್ಟೇನಿ."

ನಿಮ್ಮ ಅಜ್ಜ ನೀರಿನಲ್ಲಿ ಮೊಣಕಾಲ ತನಕ ನಿಂತಿದ್ದವರು ಆ ಕಡೆಗೆ ಮುಖ ತಿರುಗಿಸಿಕೊಂಡರು.

ಆಮೇಲೆ ಕಾದೆವು. ಒಬ್ಬ ಹೆಂಗಸು ಎಮ್ಮೆ ಹಿಂಡುವ ಹೊತ್ತಾಯಿತೆಂದು ಎದ್ದು ಹೋದಳು, ನೋಡುವ ಆಸೆಗೆ ಮತ್ತೆ ಓಡಿ ಬಂದಳು. ಸೂರ್ಯ ಇಂಗ್ರೇಜಿ ದಂಡೆಯ ಜಾಲಿಮರಗಳಿಗೆ ಇಳಿದ. ಹಗ್ಗದ ಜಗ್ಗುವಿಕೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಹಾಯಿಯ ಹೊಟ್ಟೆ ಇಳಿಯಿತು. ಅಂಚು ಒಂದೆರಡು ಸಲ ಪಟಪಟ ಅಂದಿತು. ಸೂರ್ಯನ ಕೆಳಗಿನ ಅಂಚು ನೆಲ ಮುಟ್ಟಿದಾಗ ಹಾಯಿ ಬಿದಿರಿಗೆ ಅಂಟಿಕೊಂಡು ಜೋತುಬಿತ್ತು. ಹಗ್ಗ ನನ್ನ ತೊಡೆಯ ಮೇಲೆ ಸಡಿಲವಾಗಿ ಬಿತ್ತು.

"ಹೋತು" ಅಂದಳು ಆಯಿ. ಲಿಂಬಿಹಣ್ಣು ಕೊಯ್ದು ನೀರಿಗೆ ಎಸೆದಳು. "ಆಡಿದ ಮಾತಿಗಿ ನಿಂತ ಗಾಳಿ. ಇಂಥಾದ್ದು ನಾ ನೋಡಿಲ್ಲ."

ಏನೂ ಹೋಗಿರಲಿಲ್ಲ. ಬೀಸುವ ಗಾಳಿ ನಿಂತಿತ್ತು, ಅಷ್ಟೇ. ನನ್ನೊಳಗಿದ್ದದ್ದು ಹಾಗೇ ಇತ್ತು. ನಿಮ್ಮ ಅಪ್ಪ ಹುಟ್ಟುವ ತನಕ ಇತ್ತು, ಆಮೇಲೂ ಒಂದಿಷ್ಟು ಉಳಿಯಿತು. ಅತ್ತೆ ಇನ್ನೂ ಹತ್ತೊಂಬತ್ತು ವರ್ಷ ಬದುಕಿದರು. ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆವು. ಆ ಸಂಜೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಓಣಿಯಲ್ಲಿ ಮಾತ್ರ ಮೂಡಗಾಳಿ ಬಂದು ಹೋದ ಸೊಸೆ ಅಂತ ನನಗೆ ಬಹಳ ದಿನ ಹೆಸರಿತ್ತು.

ಆ ಸಂಜೆ ನಾವು ಜಾಲಿ ಗಡ್ಡಿಗೆ ಮರಳಬೇಕಿತ್ತು, ಏರಿ ಬರುವಾಗ ನೀರು ಹಾಕಿದ್ದ ಬಳ್ಳಿಗಳಿಗೆ ಎರಡು ದಿನದಿಂದ ನೀರಿರಲಿಲ್ಲ. ಹೆಂಗಸರು ಮನೆಗಳಿಗೆ ಹೋದರು. ಅತ್ತೆ ರೊಟ್ಟಿಯ ಗಂಟು ತಂದು ದೋಣಿಯಲ್ಲಿಟ್ಟರು. ಹೋಗಲಿಲ್ಲ. ನೀರಿಗೆ ಇಳಿದು ಬಂದು, ಜೋತುಬಿದ್ದ ಹಾಯಿಯನ್ನು ಕೈಯಲ್ಲಿ ಹಿಡಿದು ಹಸಿರು ತುಂಡಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಈ ಕಡಿ ಹೊಲಿಗಿ ಬಿಟ್ಟದ" ಅಂದರು. "ಹಾಕ್ಕೋ."

"ಹೂನ್ರಿ ಅತ್ತಿ" ಅಂದೆ.

ಅವರು ದಂಡೆ ಹತ್ತಿದರು. ನಿಮ್ಮ ಅಜ್ಜ ಗೂಟದ ಹಗ್ಗಗಳನ್ನು ಬಿಚ್ಚಿ ಹಿಂಬದಿಯಲ್ಲಿ ಕೂತು, ಎಂದಿನ ಹಾಗೆ, "ಯಾವ ಗಾಳಿ?" ಅಂದರು.

"ಗಾಳಿ ಇಲ್ರಿ."

ಅವರು ಹುಟ್ಟು ಹಾಕಿದರು. ನಾನು ಬಲೆಯ ದಾರ ತೆಗೆದು, ಕಣ್ಣು ಕಾಣುವಷ್ಟು ಬೆಳಕಿರುವಾಗಲೇ ಆ ಹೊಲಿಗೆ ಹಾಕಿದೆ.